ಬೆಳೆಯುವ ಮಗುವಿಗೆ ದೊಡ್ಡ ಸೈಕಲ್ ಬೇಡ

ಎಂಟು ವರ್ಷದ ಮಗಳು ರೇಸ್ ಸೈಕಲ್ ಬೇಕೆಂದು ಹಟ ಹಿಡಿದಾಗ ನಾನು ಮೊದಲು ಫೋನ್ ಮಾಡಿದ್ದು ಜಮಖಂಡಿಯಲ್ಲಿರುವ ಅಪ್ಪನಿಗೆ. ‘ಒಂದು ಗೇಣು ದೊಡ್ಡದನ್ನೇ ಕೊಡಿಸಪ್ಪ. ಮಕ್ಕಳು ಹೀರೆಬಳ್ಳಿಯ ಹಾಗೆ ಏರುತ್ತಾರೆ. ಎರಡು ವರ್ಷಕ್ಕೆ ಮತ್ತೊಂದು ಖರ್ಚು ಯಾಕೆ?’ ಎಂದರು. ನಮ್ಮ ಮನೆಯಲ್ಲಿ ಶಾಲೆಯ ಅಂಗಿ, ಚಪ್ಪಲಿ ಎಲ್ಲವೂ ಇದೇ ಲೆಕ್ಕದಲ್ಲಿ ಬರುತ್ತಿದ್ದವು. ನಾನು ಈಗಿರುವ ನೆದರ್ಲೆಂಡ್ಸಿನ ಐಂಡ್‌ಹೋವನ್‌ನಲ್ಲಿ ಪಕ್ಕದ ಮನೆಯ ಡಚ್ ಗೆಳೆಯನೂ ಅದನ್ನೇ ಹೇಳಿದ. ‘ಓಪ್ ದ ಖ್ರೂಯ್’ ಎಂಬ ಮಾತು ಅವರಲ್ಲಿದೆ. ಬೆಳವಣಿಗೆಯನ್ನು ಲೆಕ್ಕಕ್ಕೆ ಹಿಡಿದು ದೊಡ್ಡದನ್ನು ಕೊಳ್ಳುವುದು ಎಂದರ್ಥ. ಎರಡು ನಾಡಿನ ಅನುಭವಿಗಳು ಒಂದೇ ಮಾತು ಹೇಳಿದ ಮೇಲೆ ನನಗೆ ಅನುಮಾನ ಉಳಿಯಲಿಲ್ಲ. 26 ಇಂಚಿನ ಗಾಲಿಯ ಹಳೆಯ ರೇಸ್ ಸೈಕಲ್ಲೊಂದನ್ನು ತಂದೆ.

ಎರಡನೆಯ ವಾರ ಸೈಕಲ್ ದಾರಿ ಸೇತುವೆಯಡಿಗೆ ಇಳಿಯುವ ಜಾಗದಲ್ಲಿ ಅವಳಿಗೆ ವೇಗ ತಡೆಯಲಾಗಲಿಲ್ಲ, ಪೊದೆಗೆ ನುಗ್ಗಿದಳು. ಮೊಣಕೈ ತರಚಿತು, ಅಷ್ಟೇ. ಬ್ರೇಕ್ ಕೆಟ್ಟಿರಲಿಲ್ಲ. ಬ್ರೇಕಿನ ಹಿಡಿಯವರೆಗೆ ಅವಳ ಬೆರಳು ಹೋಗುತ್ತಿರಲಿಲ್ಲ. ಆ ಸೈಕಲ್ ಆರಿಸಿದವನು ನಾನು. ಅದನ್ನು ನೆನೆದರೆ ಈಗಲೂ ಹೊಟ್ಟೆ ಹಿಂಡುತ್ತದೆ.

ಆಮೇಲೆ ಊರಿನ ಸೈಕ್ಲಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದೆ. ಅಲ್ಲಿ ಮಕ್ಕಳಿಗೆ ಕಲಿಸುವ ಹೆಂಗಸು ಮಗಳ ಎತ್ತರವನ್ನು ಕೇಳಲೇ ಇಲ್ಲ, ಮೊದಲು ಅವಳ ಅಂಗೈ ಹಿಡಿದು ನೋಡಿದರು. ಬಾಗಿದ ಹ್ಯಾಂಡಲಿನ ರೇಸ್ ಸೈಕಲ್ಲಿನಲ್ಲಿ ಎಲ್ಲವೂ ಕೈಯಿಂದ ಶುರುವಾಗುತ್ತದೆ ಎಂದರು. ಬ್ರೇಕಿನ ಮೇಲಿನ ರಬ್ಬರ್ ಭಾಗವನ್ನು ಹಿಡಿದಿರುವಾಗ ತೋರುಬೆರಳಿನ ಮೊದಲ ಗೆಣ್ಣು ಹಿಡಿಯನ್ನು ಸುತ್ತಬೇಕು. ತುದಿ ಮಾತ್ರ ಮುಟ್ಟಿದರೆ ಸಾಲದು. ಹಲವು ಹಿಡಿಗಳಲ್ಲಿ ಅದನ್ನು ಒಳಕ್ಕೆ ತರುವ ಪುಟ್ಟ ತಿರುಪು ಇರುತ್ತದೆ. ಹ್ಯಾಂಡಲಿನ ನೇರ ಭಾಗದಲ್ಲಿ ಇನ್ನೊಂದು ಜೊತೆ ಬ್ರೇಕ್ ಹಿಡಿ ಇರುವ ಮಕ್ಕಳ ಸೈಕಲ್ ಸಿಕ್ಕರೆ ಇನ್ನೂ ಒಳ್ಳೆಯದು. ಹೆದರಿದ ಮಗುವಿನ ಕೈ ಅಲ್ಲಿಗೇ ಓಡುತ್ತದೆ.

ನಂತರ ಕಾಲು. ಮಗುವನ್ನು ಬರಿಗಾಲಿನಲ್ಲಿ ಗೋಡೆಗೆ ನಿಲ್ಲಿಸಿ, ತೊಡೆಗಳ ನಡುವೆ ಗಟ್ಟಿ ರಟ್ಟಿನ ಪುಸ್ತಕವೊಂದನ್ನು ಮೇಲಕ್ಕೆ ಒತ್ತಿ ಹಿಡಿದು, ಅದರ ಅಂಚಿನಿಂದ ನೆಲಕ್ಕೆ ಅಳೆಯಬೇಕು. ಮಗಳದು 57 ಸೆಂಟಿಮೀಟರ್ ಬಂತು. ಸೈಕಲ್ಲಿನ ಮೇಲಿನ ಅಡ್ಡದಂಡ ಇದಕ್ಕಿಂತ ಕೆಳಗೇ ಇರಬೇಕು. ಪೆಡಲನ್ನು ಹಿಡಿದು ತಿರುಗುವ ಕ್ರ್ಯಾಂಕಿನ ಉದ್ದವನ್ನು ನಮ್ಮವರಲ್ಲಿ ಯಾರೂ ಕೇಳುವುದಿಲ್ಲ. ಮೈಯೆತ್ತರದ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿದ್ದರೆ ಮಂಡಿಗೆ ಹಿತ. ದೊಡ್ಡವರ ಸೈಕಲ್ಲಿನಲ್ಲಿ ಸಾಮಾನ್ಯವಾಗಿ 170 ಮಿಲಿಮೀಟರ್ ಇರುತ್ತದೆ. 125 ಸೆಂಟಿಮೀಟರ್ ಎತ್ತರದ ಮಗುವಿಗೆ ಅದನ್ನು ಕೊಟ್ಟರೆ ಪ್ರತಿ ಸುತ್ತಿಗೂ ಮಂಡಿ ಎದೆಯ ಹತ್ತಿರಕ್ಕೆ ಬರುತ್ತದೆ, ಸೊಂಟ ಅತ್ತಿತ್ತ ಹೊರಳುತ್ತದೆ.

ತೂಕದ ಮಾತು ಬಂದಾಗ ಅವರು ಒಂದು ಲೆಕ್ಕ ಹೇಳಿದರು, ಅದನ್ನು ನಾನು ಮರೆತಿಲ್ಲ. ಮಗಳ ತೂಕ 24 ಕಿಲೋ. 9 ಕಿಲೋ ಸೈಕಲ್ ಅವಳಿಗೆಂದರೆ 70 ಕಿಲೋ ತೂಗುವ ನನಗೆ 26 ಕಿಲೋ ಸೈಕಲ್ ಇದ್ದಂತೆ. ಬೆಂಗಳೂರಿನಲ್ಲಿರುವ ಅಕ್ಕನ ಮಗನಿಗೆ ಹುಟ್ಟುಹಬ್ಬಕ್ಕೆಂದು ನಾನೇ ಕೊಡಿಸಿದ್ದ ಗೇರ್ ಸೈಕಲ್ ನೆನಪಾಯಿತು. ಮುಂದೆ ಹಿಂದೆ ಸ್ಪ್ರಿಂಗು, ದಪ್ಪ ಟೈರು, ಹೊಳೆಯುವ ಸ್ಟಿಕರು. ಎತ್ತಲು ಹೋದರೆ ನನಗೇ ಏದುಸಿರು. ಮಕ್ಕಳ ಸೈಕಲ್ಲಿನಲ್ಲಿ ಆ ಸ್ಪ್ರಿಂಗುಗಳಿಂದ ಭಾರ ಬಿಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ. ಮೂರು ಹಲ್ಲುಚಕ್ರ ಮುಂದೆ, ಏಳು ಹಿಂದೆ ಎಂದು ಇಪ್ಪತ್ತೊಂದು ಗೇರ್ ಎಣಿಸಿ ಕೊಡುವುದೂ ಬೇಕಿಲ್ಲ. ಮುಂದೆ ಒಂದೇ ಹಲ್ಲುಚಕ್ರ, ಹಿಂದೆ ಏಳೆಂಟು ಇದ್ದರೆ ಮಗುವಿನ ತಲೆಗೂ ಹಗುರ, ಕಾಲಿಗೂ ಹಗುರ.

ಹಳೆಯದನ್ನು ಕೊಳ್ಳುವವರಿಗೆ ಒಂದು ಕಿವಿಮಾತು. 24 ಇಂಚು ಎಂದು ಬರೆದಿರುವ ಗಾಲಿಗಳೆಲ್ಲ ಒಂದೇ ಅಳತೆಯವಲ್ಲ. ಟೈರಿನ ಬದಿಯಲ್ಲಿ ಅಚ್ಚಾದ ಮೂರಂಕಿಯ ಸಂಖ್ಯೆಯನ್ನು ಓದಿ, ಅದು ಟೈರು ಕೂರುವ ರಿಮ್ಮಿನ ವ್ಯಾಸ, ಮಿಲಿಮೀಟರಿನಲ್ಲಿ. ಗುಡ್ಡಗಾಡಿನ ಮಾದರಿಯ ಸೈಕಲ್ಲಿನದು 507, ತೆಳುವಾದ ರೇಸ್ ಗಾಲಿಯದು 520 ಸಾಮಾನ್ಯವಾಗಿ ಇರುತ್ತದೆ. ಈ 13 ಮಿಲಿಮೀಟರಿನ ವ್ಯತ್ಯಾಸದಿಂದ ಒಂದಕ್ಕೆ ತಂದ ಟೈರು ಇನ್ನೊಂದಕ್ಕೆ ಕೂರುವುದಿಲ್ಲ.

ಇಷ್ಟೆಲ್ಲ ಕೂಡಿಬಂದ ಹೊಸ ಸೈಕಲ್ಲಿಗೆ ಇಲ್ಲಿ ಸುಲಭವಾಗಿ 500 ಯೂರೋ ದಾಟುತ್ತದೆ. ಎರಡು ವರ್ಷಕ್ಕೆ ಅದು ಸಣ್ಣದಾಗುತ್ತದೆ. ಅಪ್ಪನ ಮಾತಿನ ಹಿಂದಿದ್ದ ಚಿಂತೆ ನ್ಯಾಯವಾದದ್ದೇ. ಅದಕ್ಕೆ ಕ್ಲಬ್ಬಿನ ಪರಿಹಾರ ಅವರ ಗೋದಾಮಿನಲ್ಲಿ ಸಾಲಾಗಿ ನೇತಾಡುತ್ತಿತ್ತು. ಹತ್ತಾರು ಪುಟ್ಟ ರೇಸ್ ಸೈಕಲ್ಲುಗಳು, ಚಿಕ್ಕದರಿಂದ ದೊಡ್ಡದಕ್ಕೆ. ವರ್ಷಕ್ಕೆ ಅಲ್ಪ ಬಾಡಿಗೆ ಕೊಟ್ಟು ಒಯ್ಯಬೇಕು. ಮಗು ಬೆಳೆದಾಗ ಮರಳಿಸಿ ಮುಂದಿನದನ್ನು ಪಡೆಯಬೇಕು.

ಆ ಸಾಲನ್ನು ಕಂಡಾಗ ನನಗೆ ನೆನಪಾದದ್ದು ಜಮಖಂಡಿಯ ಬಸ್ ನಿಲ್ದಾಣದ ಬಳಿಯಿದ್ದ ಬಾಡಿಗೆ ಸೈಕಲ್ ಅಂಗಡಿ. ತಾಸಿಗೆ ಎಂಟಾಣೆ. ಅಂಗಡಿಯ ಕಾಕಾ ನಮ್ಮನ್ನು ಕಣ್ಣಲ್ಲೇ ಅಳೆದು, ‘ನಿನಗೆ ಇದು, ನಿನ್ನ ತಮ್ಮನಿಗೆ ಆ ಕೆಂಪನೆಯದು’ ಎಂದು ಸಣ್ಣ ಸೈಕಲ್ಲುಗಳನ್ನು ತೆಗೆದು ಕೊಡುತ್ತಿದ್ದರು. ಮನೆಯಲ್ಲಿ ಅಪ್ಪನ 22 ಇಂಚಿನ ಚೌಕಟ್ಟಿನ ದೊಡ್ಡ ಸೈಕಲ್ಲಿನ ದಂಡದಡಿ ಕಾಲು ತೂರಿಸಿ ಒಳಪೆಡಲ್ ತುಳಿಯುತ್ತಿದ್ದ ನಾವು, ನೆಟ್ಟಗೆ ಕೂತು ಸೈಕಲ್ ಹೊಡೆದದ್ದು ಆ ಅಂಗಡಿಯ ದಯೆಯಿಂದ. ಡಚ್ ಕ್ಲಬ್ ಮಾಡುತ್ತಿರುವುದನ್ನು ಆ ಕಾಕಾ ಮೂವತ್ತೈದು ವರ್ಷದ ಹಿಂದೆ ಮಾಡುತ್ತಿದ್ದರು. ಮಗು ಬದಲಾಗುತ್ತದೆ, ಸೈಕಲ್ ಊರಿನಲ್ಲೇ ಉಳಿಯುತ್ತದೆ. ಆ ಅಂಗಡಿಗಳು ಮುಚ್ಚಿದ ಮೇಲೆ ಪ್ರತಿ ಮನೆಯೂ ತನ್ನ ಪಾಡಿಗೆ ಕೊಳ್ಳಬೇಕಾಯಿತು, ‘ಒಂದು ಗೇಣು ದೊಡ್ಡದು’ ಅನಿವಾರ್ಯವಾಯಿತು.

ಇದನ್ನು ಆಸೆಯಿಂದ ಬರೆಯುತ್ತಿದ್ದೇನೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳನ್ನು ಕೊಟ್ಟ ನೆಲ. ಬೆಳಗಿನ ಜಾವ ರಸ್ತೆಯಲ್ಲಿ ಸಾಲುಗಟ್ಟಿ ಸಾಗುವ ಹುಡುಗ ಹುಡುಗಿಯರನ್ನು ನೋಡುತ್ತ ಬೆಳೆದವನು ನಾನು. ಅಂಥ ಊರುಗಳಲ್ಲಿ ಒಂದೊಂದು ಶಾಲೆಯಲ್ಲೋ ಕ್ರೀಡಾ ವಸತಿ ನಿಲಯದಲ್ಲೋ ಇಪ್ಪತ್ತು ಪುಟ್ಟ ರೇಸ್ ಸೈಕಲ್ಲುಗಳಿದ್ದರೆ ಎಷ್ಟು ಮಕ್ಕಳ ಕೈಗೆ ಬರಬಹುದು! ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯಲ್ಲಿ ಧೂಳು ತಿನ್ನುವ ಮಕ್ಕಳ ಸೈಕಲ್ಲುಗಳನ್ನು ಕಂಡಾಗಲೂ ಇದೇ ತೋಚುತ್ತದೆ.

ಆದರೆ ಇಲ್ಲಿನದನ್ನು ಹಾಗೆಯೇ ಎತ್ತಿ ಅಲ್ಲಿ ಇಡಲಾಗದು ಎಂಬುದೂ ನನಗೆ ಗೊತ್ತು. ಇಲ್ಲಿ ಮಗುವನ್ನು ಸೈಕಲ್ಲಿನ ಮೇಲೆ ಬಿಡುವ ಧೈರ್ಯ ದಾರಿಯಿಂದ ಬಂದದ್ದು. 1971ರಲ್ಲಿ ಈ ಪುಟ್ಟ ದೇಶದ ರಸ್ತೆಗಳಲ್ಲಿ 400ಕ್ಕೂ ಹೆಚ್ಚು ಮಕ್ಕಳು ಸತ್ತಿದ್ದರು. ಮಕ್ಕಳ ಕೊಲೆ ನಿಲ್ಲಿಸಿ ಎಂದು ತಂದೆ ತಾಯಂದಿರು ಬೀದಿಗಿಳಿದರು. ಇಂದಿನ ಕೆಂಪು ಡಾಂಬರಿನ ಸೈಕಲ್ ದಾರಿಗಳ ಹಿಂದೆ ಆ ಹೋರಾಟವೂ ಇದೆ. ಹತ್ತು ಹನ್ನೆರಡರ ವಯಸ್ಸಿಗೆ ಶಾಲೆಯಲ್ಲಿ ಸಂಚಾರ ಪರೀಕ್ಷೆಯೂ ನಡೆಯುತ್ತದೆ. ಹಾಗಿದ್ದೂ ಡಚ್ ಪಾಲಕರು ಶಾಲೆಗೆ ರೇಸ್ ಸೈಕಲ್ ಕಳಿಸುವುದಿಲ್ಲ. ಶಾಲೆಗೆ ನೆಟ್ಟನೆಯ ಹ್ಯಾಂಡಲ್, ಮಡ್‌ಗಾರ್ಡ್, ದೀಪ, ಕ್ಯಾರಿಯರ್ ಇರುವ ಗಟ್ಟಿ ಸೈಕಲ್. ರೇಸ್ ಸೈಕಲ್ ಕ್ಲಬ್ಬಿನ ಸುತ್ತುದಾರಿಗೆ, ಹೆಲ್ಮೆಟ್ ತೊಟ್ಟು. ಇದೊಂದನ್ನು ನಾನು ಬೆಂಗಳೂರಿನ ಅಕ್ಕನಿಗೂ ಖಂಡಿತವಾಗಿ ಹೇಳಿದ್ದೇನೆ. ತಲೆ ಬಗ್ಗಿಸಿ ಕೂರುವ ಸೈಕಲ್ಲಿನಲ್ಲಿ ಎಂಟು ವರ್ಷದ ಮಗುವನ್ನು ಬಸ್ಸು, ಲಾರಿಗಳ ನಡುವೆ ಬಿಡಬೇಡ. ಮೈದಾನ ಸಿಕ್ಕರೆ ಮಾತ್ರ ಕೊಡಿಸು.

ಮಗಳಿಗೆ ಸಿಕ್ಕ ನೀಲಿ ಸೈಕಲ್ಲಿನ ಸೀಟಿನ ಕೊಳವೆಯ ಮೇಲೆ ಹಿಂದೆ ಅದನ್ನು ಓಡಿಸಿದ ಮಕ್ಕಳು ತಮ್ಮ ಎತ್ತರಕ್ಕೆ ಅಂಟಿಸಿದ ಟೇಪಿನ ಗುರುತುಗಳಿವೆ. ಬಿಳಿ, ಹಸಿರು, ಕಿತ್ತುಹೋದ ಒಂದು ಹಳದಿ. ಅವಳದು ಕೆಂಪು. ಏಪ್ರಿಲ್‌ನಿಂದ ಸೀಟು ಮೂರು ಬೆರಳು ಮೇಲೇರಿದೆ. ಇದಕ್ಕಿಂತ ಎತ್ತರಿಸಬಾರದೆಂದು ಕೊಳವೆಯಲ್ಲೇ ಕೊರೆದಿರುವ ಗೆರೆ ಹೊರಗೆ ಕಾಣಲು ಇನ್ನು ಎರಡು ಬೆರಳಷ್ಟೇ ಬಾಕಿ.