ಬೇಕಾದ ಅಂಕಿ ಸರಿ, ಬೇಡದ್ದಕ್ಕೆ ವಿಧಾನ ತಪ್ಪು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅಂತ ಒಂದಿದೆಯಲ್ಲ, 1992-93ರಿಂದ ನಡೀತಾ ಇದೆ, ಐದನೇ ಸುತ್ತು 2019-21ರಲ್ಲಿ ಮುಗೀತು, ಸುಮಾರು 6.37 ಲಕ್ಷ ಮನೆ ಸುತ್ತಿದಾರೆ. ಟ್ಯಾಬ್ ಹಿಡ್ಕೊಂಡು ಬರೋ ಹುಡುಗಿ ಕೇಳದೇ ಇರೋದು ಅಂತ ಏನೂ ಇಲ್ಲ ಬಿಡಿ. ಪ್ರೆಶರ್ ಕುಕ್ಕರ್ ಇದ್ಯಾ, ಮಂಚ ಇದ್ಯಾ, ಎತ್ತಿನ ಗಾಡಿ ಇದ್ಯಾ, ಡಬ್ಬಿಯಿಂದ ಚೂರು ಉಪ್ಪು ಕೊಡಿ ಅಂತ ಈಸ್ಕೊಂಡು ಅದ್ರ ಮೇಲೆ ಹನಿ ಬಿಟ್ಟು ಅಯೋಡಿನ್ ಟೆಸ್ಟು, ಬೆರಳು ಚುಚ್ಚಿ ರಕ್ತ, ಕೊನೆಗೆ ಅತ್ತೆನ ನಯವಾಗಿ ಆಚೆ ಕಳ್ಸಿ "ಅಕ್ಕ, ಅಡುಗೆ ಸರಿಯಾಗಿ ಮಾಡ್ಲಿಲ್ಲ ಅಂದ್ರೆ ಗಂಡ ಹೊಡೆಯೋದು ಸರೀನಾ?" ಅಂತ ಬೇರೆ. ಇಂಥ ಏಳು ಕಾರಣಗಳ ಪಟ್ಟಿ ಇರತ್ತೆ, ನಮ್ಮ ಕರ್ನಾಟಕದಲ್ಲಿ 76.9% ಹೆಂಗಸರು ಒಂದಕ್ಕಾದ್ರೂ ಹೂಂ ಅಂದಿದಾರೆ, ಗಂಡಸರು 81.9%. ರಾಜ್ಯೋತ್ಸವದ ಭಾಷಣದಲ್ಲಿ ಮಾತ್ರ ಈ ಸಾಧನೆ ಯಾಕೋ ಬರಲ್ಲ.

2021ರ ನವೆಂಬರಲ್ಲಿ ಅಂಕಿ ಹೊರಬಿತ್ತು ನೋಡಿ, 1000 ಗಂಡಸರಿಗೆ 1020 ಹೆಂಗಸರು! ಆಹಾ, ಏನು ಸಂಭ್ರಮ, ಎಲ್ಲಾ ಪೇಪರ್ ಹೆಡ್‌ಲೈನು. ಆಗ ಸಮೀಕ್ಷೆ ಪಕ್ಕಾ ವೈಜ್ಞಾನಿಕ. ಅದ್ರ ಮುಂದಿನ ಸಾಲಲ್ಲೇ ಹುಟ್ಟೋ ಮಕ್ಕಳ ಲೆಕ್ಕ, 1000 ಗಂಡಿಗೆ 929 ಹೆಣ್ಣು ಅಂತ ಇತ್ತು, ಅಷ್ಟರಲ್ಲಿ ಎಲ್ಲರೂ ಲಡ್ಡು ಹಂಚೋಕೆ ಎದ್ದು ಹೋಗಿದ್ರು.

ಬೇಡದ ಅಂಕಿಗಳ ಕಥೆ ಬೇರೆ. 2019ರ ಅಕ್ಟೋಬರ್ 2ಕ್ಕೆ ಹಳ್ಳಿಗಳೆಲ್ಲ ಬಯಲು ಶೌಚ ಮುಕ್ತ ಅಂತ ಘೋಷಣೆ ಆಗೋಯ್ತು, ಸಮೀಕ್ಷೆ ನೋಡಿದ್ರೆ ದೇಶದ 19% ಮನೆಯವರು ಇನ್ನೂ ಬಯಲಿಗೇ ಹೋಗ್ತಿದಾರೆ ಅಂತು. ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ 58.6% ಇದ್ದಿದ್ದು 67.1%ಗೆ ಏರಿತ್ತು, ಅಭಿಯಾನದ ಹೆಸರು ನೋಡಿದ್ರೆ ರಕ್ತಹೀನತೆ ಮುಕ್ತ ಭಾರತ. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಇಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ, ನೆಲಾನೇ ಕಿತ್ತಾಕಿದ್ರು. ಬೆರಳು ಚುಚ್ಚಿ ತೆಗೆದ ರಕ್ತ ಸರಿಯಿಲ್ಲ, ನರದಿಂದ ತೆಗೀಬೇಕು ಅಂತ ಆರನೇ ಸುತ್ತಿನಿಂದ ಆ ಪರೀಕ್ಷೇನೇ ಔಟು. ತಾಂತ್ರಿಕವಾಗಿ ಆ ಮಾತಲ್ಲಿ ಹುರುಳಿದೆ, ಒಪ್ಕೊಳ್ಳೋಣ, ಆದ್ರೆ ಹಿಂದಿನ ಸುತ್ತಲ್ಲೂ ಅದೇ ಬೆರಳೇ ಅಲ್ವಾ ಚುಚ್ಚಿದ್ದು, ಆಗ ಯಾಕಪ್ಪ ಸುಮ್ನಿದ್ರಿ? 2023ರಲ್ಲಿ ಸಮೀಕ್ಷೆ ನಡೆಸೋ ಮುಂಬೈ ಸಂಸ್ಥೆಯ ನಿರ್ದೇಶಕ ಕೆ.ಎಸ್. ಜೇಮ್ಸ್ ಸಸ್ಪೆಂಡ್ ಆದ್ರು, ನೇಮಕಾತೀಲಿ ಅಕ್ರಮದ ದೂರು ಅಂತ ಸರ್ಕಾರ ಹೇಳ್ತು, ಇರಲಿ.

ಜನಗಣತಿ ಬಗ್ಗೆ ಕೇಳಲೇಬೇಡಿ, 2011ರಲ್ಲಿ ತಲೆ ಎಣಿಸಿದ್ದೇ ಕೊನೆ, ಮುಂದಿನದು 2027ಕ್ಕಂತೆ. ಅಲ್ಲೀವರೆಗೂ ಹುಟ್ಟಿದೋರು ಸ್ವಲ್ಪ ಅಡ್ಜಸ್ಟ್ ಮಾಡ್ಕೊಬೇಕು.

ಹಂಗಂತ ಎಲ್ಲಾ ಅಂಕಿಗೂ ತಕರಾರಿದೆ ಅನ್ಕೋಬೇಡಿ. ಸಂತಾನಹರಣ ಆಪರೇಷನ್ ಲೆಕ್ಕ ಇದೆಯಲ್ಲ, ಹೆಂಗಸರದ್ದು 37.9%, ಗಂಡಸರದ್ದು 0.3%. ಸ್ಯಾಂಪಲ್ ಸರಿಯಿಲ್ಲ, ವಿಧಾನ ತಪ್ಪು, ನಮ್ಮ ಗಂಡಸರು ಅಂಥೋರಲ್ಲ, ಇನ್ನೊಂದ್ಸಲ ಸರ್ವೆ ಮಾಡ್ಸಿ ಅಂತ ಗಲಾಟೆ ಮಾಡಿದ ಒಬ್ಬ ಗಂಡಸನ್ನೂ ನಾನು ನೋಡಿಲ್ಲ.