ಹೆಸರಿಲ್ಲದ 38 ಜಿಬಿ

ರಾತ್ರಿ ಒಂದೂ ಮುಕ್ಕಾಲಿಗೆ ಮೊಬೈಲ್ ಅರಚಿಕೊಂಡಿತು. ಕಾಫ್ಕಾ ಓಡುವ ಸರ್ವರ್‌ನಲ್ಲಿ ಡಿಸ್ಕ್ ಶೇ 97ರಷ್ಟು ತುಂಬಿತ್ತು. ಕಾಫ್ಕಾ ಎಂದರೆ ಒಂದು ತಂತ್ರಾಂಶದ ಸಂದೇಶವನ್ನು ಇನ್ನೊಂದಕ್ಕೆ ಮುಟ್ಟಿಸುವ ಅಂಚೆಯಣ್ಣ. ಬೇರೆ ಕಟ್ಟಪ್ಪಣೆ ಇಲ್ಲದಿದ್ದರೆ, ಕಾಗದ ತಲುಪಿಸಿದ ಮೇಲೂ ಏಳು ದಿನ ಅದನ್ನು ಚೀಲದಲ್ಲೇ ಇಟ್ಟುಕೊಳ್ಳುವ ಆಸಾಮಿ. ಅವನ ಚೀಲ ಪೂರ್ತಿ ತುಂಬಿದರೆ ಬೆಳಿಗ್ಗೆ ಇಡೀ ಕಚೇರಿ ನನ್ನ ಮುಖ ನೋಡುತ್ತದೆ.

ಸಹೋದ್ಯೋಗಿಗೆ ಫೋನ್ ಮಾಡಿದೆ. "ಲಾಗ್ ಅಳಿಸಿಬಿಡಿ" ಎಂದು ಹೇಳಿ ಅವರು ನಿದ್ದೆಗೆ ಮರಳಿದರು. ಎಂಥ ಅಪಾಯದ ಮಾತು! ಬೇರೆಡೆ ಲಾಗ್ ಎಂದರೆ ತಂತ್ರಾಂಶದ ದಿನಚರಿ; ಕಾಫ್ಕಾದಲ್ಲಿ ಸಂದೇಶಗಳ ಭಂಡಾರಕ್ಕೇ ಲಾಗ್ ಎಂದು ಹೆಸರು. ನಾವಾಗಿ ಬೇರೆ ಜಾಗ ತೋರಿಸದಿದ್ದರೆ ಆ ಭಂಡಾರ ಹೋಗಿ ಕೂರುವುದು ತಾತ್ಕಾಲಿಕ ಕಡತಗಳನ್ನು ಎಸೆಯುವ ಟಿಎಂಪಿ ಫೋಲ್ಡರಿನಲ್ಲಿ, 'ಕಾಫ್ಕಾ-ಲಾಗ್ಸ್' ಎಂಬ ಹೆಸರಿನಲ್ಲಿ. ಚಿನ್ನದ ಸರವನ್ನು ಹಳೆಯ ಪೇಪರಿನಲ್ಲಿ ಸುತ್ತಿ ರದ್ದಿಯ ಮೇಲಿಟ್ಟ ಹಾಗೆ. ನಮ್ಮಲ್ಲಿ ಜಾಗ ಬದಲಿಸಿದ್ದರೂ ಹೆಸರು ಅದೇ ಇತ್ತು. ನಿದ್ದೆಗಣ್ಣಿನಲ್ಲಿ ಅದನ್ನೇ ಅಳಿಸುವ ಆಜ್ಞೆ ಬರೆದಿದ್ದೆ. ಮನೆದೇವರು ದೊಡ್ಡವನು, ಎಂಟರ್ ಒತ್ತುವ ಮೊದಲು ಆಕಳಿಕೆ ಬಂತು.

ನಿಜವಾದ ರದ್ದಿ ಬೇರೆ ಫೋಲ್ಡರಿನಲ್ಲಿತ್ತು: ಕಾಫ್ಕಾಸರ್ವರ್.ಔಟ್. ಅಂಚೆಯಣ್ಣ ತನ್ನಷ್ಟಕ್ಕೆ ಗೊಣಗುವುದೆಲ್ಲ ಸೇರುವ ಕಡತ. ಅವನ ದಿನಚರಿಯ ಉಳಿದ ಕಡತಗಳು ಗಂಟೆಗೊಮ್ಮೆ ಮಡಚಿಕೊಂಡು ಹೊಸದಾಗುತ್ತವೆ; ಇದಕ್ಕೆ ಆ ಶಿಸ್ತಿಲ್ಲ, ಬೆಳೆಯುತ್ತಲೇ ಇರುತ್ತದೆ. 38 ಜಿಬಿ ಆಗಿತ್ತು. ಅಳಿಸುವ ಆಜ್ಞೆ ಕೊಟ್ಟೆ, ಆರ್‌ಎಂ ಎಂದೆ. ಮಾಯವಾಯಿತು.

ಡಿಸ್ಕ್ ಶೇ ಎಷ್ಟು ತುಂಬಿದೆ ಎಂದು ಹೇಳುವ ಡಿಎಫ್ ಆಜ್ಞೆಯನ್ನು ಕೇಳಿದೆ: 97. ಎರಡು ನಿಮಿಷ ಬಿಟ್ಟು ಕೇಳಿದೆ: 97. ಬಸ್ ಬಂತೇ ಎಂದು ರಸ್ತೆಗಿಳಿದು ಕತ್ತು ಚಾಚುವವನಂತೆ ಹತ್ತು ಸಲ ಕೇಳಿದೆ. ಸಿಟ್ಟು ಬಂದು, ಕಡತಗಳನ್ನು ಒಂದೊಂದಾಗಿ ಎಣಿಸುವ ಡಿಯುವನ್ನು ಕೇಳಿದರೆ ಅದು 59 ಜಿಬಿ ಎಂದಿತು. ನೂರು ಜಿಬಿಯ ಡಿಸ್ಕಿನಲ್ಲಿ ಒಬ್ಬ ಗುಮಾಸ್ತನ ಲೆಕ್ಕಕ್ಕೂ ಇನ್ನೊಬ್ಬನ ಲೆಕ್ಕಕ್ಕೂ 38 ಜಿಬಿ ತಾಳೆಯಾಗುತ್ತಿಲ್ಲ. ಇಬ್ಬರೂ ಸತ್ಯವಂತರೇ ಎಂಬುದು ಇನ್ನೂ ದೊಡ್ಡ ಕಷ್ಟ.

ಲಿನಕ್ಸ್‌ನಲ್ಲಿ ಆರ್‌ಎಂ ಅಳಿಸುವುದು ಕಡತದ ಹೆಸರನ್ನು ಮಾತ್ರ. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದು ಹಿಡಿದಿರುವಷ್ಟು ಹೊತ್ತು ಅದರ ಜಾಗ ಬಿಡುಗಡೆಯಾಗುವುದಿಲ್ಲ. ಪಡಿತರ ಚೀಟಿಯಿಂದ ಹೆಸರು ತೆಗೆಸಿದ್ದಾಯಿತು. ಆಸಾಮಿ ಮಾತ್ರ ಒಳಗೆ ಎಲೆ ಹಾಕಿಕೊಂಡು ಕುಳಿತಿದ್ದಾನೆ, ಇನ್ನೊಂದು ಸೌಟು ಸಾರು ಬಡಿಸಿಕೊಳ್ಳುತ್ತಿದ್ದಾನೆ. ಡಿಯು ಚೀಟಿ ನೋಡುತ್ತದೆ, ಡಿಎಫ್ ಅನ್ನದ ಪಾತ್ರೆ ನೋಡುತ್ತದೆ.

ಯಾವ ಕಡತವನ್ನು ಯಾರು ತೆರೆದು ಹಿಡಿದಿದ್ದಾರೆ ಎಂದು ತೋರಿಸುವ ಎಲ್‌ಎಸ್‌ಒಎಫ್ ಓಡಿಸಿದಾಗ ಸಿಕ್ಕಿಬಿದ್ದ. ಕಡತದ ಹೆಸರಿನ ಮುಂದೆ 'ಡಿಲೀಟೆಡ್' ಎಂಬ ಮುದ್ರೆ, ಹಿಡಿದುಕೊಂಡವನು ಕಾಫ್ಕಾ. ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಹಿಡಿತ ತಾನೇ ಸಡಿಲವಾಗುತ್ತದೆ. ಆದರೆ ಆ ಹೊತ್ತಿನಲ್ಲಿ ಅಂಚೆಯಣ್ಣನನ್ನು ಮಲಗಿಸಿ, ಅವನು ಏಳದಿದ್ದರೆ ಏನು ಗತಿ ಎಂದು ಯೋಚಿಸುವ ಧೈರ್ಯ ನನಗಿರಲಿಲ್ಲ. ಹಿತ್ತಲ ಬಾಗಿಲು ಒಂದಿತ್ತು: ಓಡುತ್ತಿರುವ ಪ್ರೋಗ್ರಾಂಗಳ ವಿವರ ಇರುವ ಪ್ರಾಕ್ ಎಂಬ ಫೋಲ್ಡರಿನಲ್ಲಿ ಕಾಫ್ಕಾ ಪ್ರಕ್ರಿಯೆಯ ಸಂಖ್ಯೆ, ಅದರೊಳಗೆ ಎಫ್‌ಡಿ, ಅದರೊಳಗೆ 1. ಹೆಸರು ಕಳೆದುಕೊಂಡ ಕಡತ ಅಲ್ಲಿ ಸಿಗುತ್ತದೆ. ಉಸಿರು ಬಿಗಿಹಿಡಿದು ಅದರ ಗಾತ್ರವನ್ನು ಸೊನ್ನೆಗೆ ಕತ್ತರಿಸಿದೆ. ಡಿಎಫ್ 59 ಎಂದಿತು. ಎದ್ದು ಹೋಗಿ ತಣ್ಣಗಿನ ಚಿತ್ರಾನ್ನ ತಿಂದು ಮಲಗಿದೆ.

ಬೆಳಿಗ್ಗೆ ಏಳಕ್ಕೆ ನೋಡಿದರೆ 62. ಡಿಯು ಮಾತ್ರ ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು. ಗೊಣಗಾಟ ಆ ಅನಾಮಧೇಯ ಕಡತದೊಳಗೇ ಸಾಗಿತ್ತು. ಇಷ್ಟೊಂದು ಏಕೆ ಗೊಣಗುತ್ತಾನೆ ಎಂದು ಸಂರಚನೆಯ ಕಡತ ತೆಗೆದರೆ, ಮೂರು ವಾರದ ಹಿಂದೆ ಯಾರೋ ಏನನ್ನೋ ಪತ್ತೆಹಚ್ಚಲು, ಸಣ್ಣಪುಟ್ಟದ್ದನ್ನೂ ಬರೆಸುವ ಡೀಬಗ್ ಮಟ್ಟ ಹಾಕಿ ಹಾಗೆಯೇ ಮರೆತಿದ್ದರು. ಯಾರೆಂದು ಬದಲಾವಣೆಗಳ ಇತಿಹಾಸದಲ್ಲಿ ಹುಡುಕಿದೆ. ನನ್ನ ಹೆಸರಿತ್ತು, ಇನಿಷಿಯಲ್ ಸಮೇತ. ಅದನ್ನು ಅಳಿಸಲು ಯಾವ ಆಜ್ಞೆ ಎಂದು ಕೇಳೋಣವೆಂದರೆ, ಸಹೋದ್ಯೋಗಿ ಇನ್ನೂ ಎದ್ದಿರಲಿಲ್ಲ.