ತಂಡದ ಸುದ್ದಿ

ತಿಂಗಳ ಕೊನೆಯ ವಾರ ಬಂದಿತೆಂದರೆ ನಾನು ‘ತಂಡದ ಸುದ್ದಿ’ ಬರೆಯಲು ಕೂರುತ್ತೇನೆ. ನಮ್ಮದು ಬೆಂಗಳೂರಿನ ಒಂದು ಸಣ್ಣ ಸಂಸ್ಥೆ. ಚಿತ್ರ ಬರೆಯುವವರು, ಪುಟ ವಿನ್ಯಾಸ ಮಾಡುವವರು, ಜಾಹೀರಾತಿಗೆ ಒಕ್ಕಣೆ ಹೊಸೆಯುವವರು, ಆನಿಮೇಷನ್ ಬಲ್ಲವರು ಮುಂತಾದ ಕುಶಲಿಗಳನ್ನು ಹುಡುಕಿ, ಬೇಕೆಂದ ಕಂಪನಿಗಳಿಗೆ ಮೂರು ತಿಂಗಳಿಗೋ ಆರು ತಿಂಗಳಿಗೋ ಕರಾರಿನ ಮೇಲೆ ಒದಗಿಸುವುದು ಅದರ ಕಸುಬು. 2020ರ ಲಾಕ್‌ಡೌನಿನಲ್ಲಿ ಲ್ಯಾಪ್‌ಟಾಪನ್ನು ಹೆಗಲಿಗೇರಿಸಿಕೊಂಡು ಶಿರಸಿ ಸೀಮೆಯ ನಮ್ಮ ಮನೆಗೆ ಬಂದ ನಾನು, ಎಲ್ಲರೂ ಮರಳಿ ಹೋದ ಮೇಲೂ ಏನೋ ಒಂದು ನೆಪ ಹೇಳುತ್ತ ಇಲ್ಲಿಯೇ ಉಳಿದುಬಿಟ್ಟೆ. ಹಾಗೆ ಉಳಿದವನಿಗೆ ದಂಡವೆಂಬಂತೆ ಈ ಸುದ್ದಿಯ ಹಾಳೆ ನನ್ನ ಪಾಲಿಗೆ ಬಂತು. ಕಚೇರಿಯಲ್ಲಿ ಏನು ನಡೆಯಿತೆಂಬುದನ್ನು ಕಚೇರಿಯಲ್ಲಿ ಇಲ್ಲದವನೇ ಬರೆಯಬೇಕೆಂಬ ಈ ಏರ್ಪಾಡಿನ ಔಚಿತ್ಯವನ್ನು ನಾನೂ ಪ್ರಶ್ನಿಸಲಿಲ್ಲ, ಅವರೂ ಯೋಚಿಸಿದಂತಿಲ್ಲ.

ಸಂಸ್ಥೆಯ ಕೆಲಸವೇನೆಂದು ಅಪ್ಪನಿಗೆ ತಿಳಿಸಿ ಹೇಳಲು ನನಗೆ ಎರಡು ವರ್ಷ ಹಿಡಿಯಿತು. ‘ಜನ ಕೊಡುವ ಕಂಪನಿ’ ಎಂದು ಮೊದಲ ಸಲ ಹೇಳಿದಾಗ ಅಡಕೆಯ ಕೊನೆಕೊಯ್ಲಿನ ಕಾಲ. ಮರ ಹತ್ತುವ ಕೊನೆಗೌಡ ಮೂರು ದಿನದಿಂದ ನಾಪತ್ತೆ. ಅಪ್ಪನ ಮುಖ ಅರಳಿತು. “ಹಂಗಾದ್ರೆ ಒಬ್ಬ ಕೊನೆಗೌಡನ್ನ ಕಳಿಸಲೆ ಹೇಳು ತಮಾ, ಸಂಬಳ ಎಷ್ಟಾದ್ರೂ ಅಡ್ಡಿಲ್ಲೆ” ಎಂದರು. ನಮ್ಮಲ್ಲಿರುವುದು ಚಿತ್ರ ಬರೆಯುವವರು ಮಾತ್ರ ಎಂದಾಗ, ಅಂಥವರನ್ನು ಹಣ ಕೊಟ್ಟು ಕರೆಸಿಕೊಳ್ಳುವ ಜನವೂ ಲೋಕದಲ್ಲಿದ್ದಾರೆಯೇ ಎಂಬಂತೆ ತೋಟದ ಕಡೆ ನೋಡಿದರು. ಕೊನೆಗೆ ಕೈಹಿಡಿದದ್ದು ಯಕ್ಷಗಾನ. ಮೇಳದ ಯಜಮಾನರು ಭಾಗವತರನ್ನು, ಮದ್ದಳೆ, ಚಂಡೆಯವರನ್ನು, ಎರಡನೇ ವೇಷ, ಪುರುಷವೇಷ, ಸ್ತ್ರೀವೇಷ, ಹಾಸ್ಯ ಎಂದು ಒಬ್ಬೊಬ್ಬರನ್ನೇ ಮಾತಾಡಿಸಿ, ಮುಂಗಡ ಕೊಟ್ಟು, ತಿರುಗಾಟಕ್ಕೆ ಕಟ್ಟಿ ನಿಲ್ಲಿಸುತ್ತಾರಲ್ಲ, ನಾವು ಮಾಡುವುದೂ ಅಂಥದ್ದೇ. ಆಟ ಮಾತ್ರ ಬೇರೆಯವರ ರಂಗಸ್ಥಳದಲ್ಲಿ ಎಂದೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಆಟಗಳನ್ನು ನಿದ್ದೆಗೆಟ್ಟು ನೋಡಿದ ಅಪ್ಪನಿಗೆ ಆ ಕೂಡಲೆ ಎಲ್ಲವೂ ಅರ್ಥವಾಯಿತು. ಹೊಸದಾಗಿ ಸೇರಿದ ಇಂಟರ್ನ್‌ಗಳೆಂದರೆ ಆಟದ ಆರಂಭದಲ್ಲಿ ಬಂದು ಕುಣಿದು ಹೋಗುವ ಕೋಡಂಗಿಗಳು, ಸ್ವಲ್ಪ ಪಳಗಿದವರು ಬಾಲಗೋಪಾಲರು ಎಂದು ಅವರೇ ಪದವಿಗಳನ್ನು ಹಂಚಿದರು. ನಾನೇನೆಂದು ಕೇಳಲಿಲ್ಲ. ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಕನ್ನಡಿ ಹಿಡಿಯುವವನೆಂದು ಅವರ ಲೆಕ್ಕವಿರಬೇಕು.

‘ತಂಡದ ಸುದ್ದಿ’ ಇಂಗ್ಲಿಷಿನಲ್ಲಿರುತ್ತದೆ. ಅದರದ್ದೇ ಆದ ಒಂದು ಶೈಲಿಯುಂಟು; ಅದರಲ್ಲಿ ಎಲ್ಲರೂ ಸದಾ ರೋಮಾಂಚನಗೊಂಡಿರುತ್ತಾರೆ. ಯಾರಾದರೂ ಸೇರಿದರೆ ತಂಡ ಪುಳಕಿತವಾಗುತ್ತದೆ, ಯಾರಿಗಾದರೂ ಮಗು ಹುಟ್ಟಿದರೆ ಪುಳಕಿತವಾಗುತ್ತದೆ, ಕಾಫಿಯ ಹೊಸ ಯಂತ್ರ ಬಂದರೂ ಅಷ್ಟೇ ಪುಳಕಿತವಾಗುತ್ತದೆ. ಬಿಟ್ಟು ಹೋದವರ ವಿಷಯಕ್ಕೆ ಮಾತ್ರ ಆ ಶೈಲಿಯಲ್ಲಿ ಮಾತಿಲ್ಲ. ‘ಹೊಸ ಪಯಣಕ್ಕೆ ಶುಭ ಹಾರೈಕೆ’ ಎಂಬ ಒಂದು ಸಾಲಿನ ಕೆಳಗೆ ರಾಜೀನಾಮೆ ಕೊಟ್ಟವನು, ಕೊಡಿಸಿಕೊಂಡವನು, ಮದುವೆಯಾಗಿ ಊರು ಬದಲಿಸಿದವಳು ಎಲ್ಲರೂ ಒಂದೇ ಬಸ್ಸು ಹತ್ತಿ ಹೋಗಿಬಿಡುತ್ತಾರೆ. ಸುದ್ದಿ ಹೇಳುವುದೆಂದರೇನೆಂದು ನಾನು ಕಲಿತದ್ದು ಅಡಕೆ ಸುಲಿಯುವ ಚಪ್ಪರದಲ್ಲಿ. ರಾತ್ರಿ ಊಟ ಮುಗಿಸಿ ನೆರೆಮನೆಯವರೆಲ್ಲ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತರೆ, ಯಾರು ಬಂದರು, ಯಾರು ಹೋದರು, ಹೋದವರು ಏಕೆ ಹೋದರು, ಹೋಗುವ ಮೊದಲು ಏನೆಂದರು, ಅದಕ್ಕೆ ಇವರು ಏನೆಂದರು ಎಂಬುದೆಲ್ಲ ಸಿಪ್ಪೆ ಬಿಟ್ಟ ಅಡಕೆಯಂತೆ ಒಂದೊಂದಾಗಿ ಬುಟ್ಟಿಗೆ ಬೀಳುತ್ತಿತ್ತು. ಅಲ್ಲಿ ಪುಳಕಿತರಾದವರನ್ನು ನಾನು ಕಂಡಿಲ್ಲ. ಆದರೆ ಹೋದವರ ಬಗ್ಗೆ ಬಂದವರಿಗಿಂತ ಹೆಚ್ಚು ಮಾತಿರುತ್ತಿತ್ತು.

ವರ್ಷದ ಸಂಚಿಕೆಗಳಲ್ಲಿ ಡಿಸೆಂಬರಿನದೇ ದೊಡ್ಡದು, ಏಕೆಂದರೆ ಅದರಲ್ಲಿ ಹಬ್ಬಗಳ ಫೋಟೊಗಳಿರುತ್ತವೆ, ಮುಂದಿನ ವರ್ಷದ ರಜೆಗಳ ಪಟ್ಟಿಯೂ ಇರುತ್ತದೆ. ನಮ್ಮ ರಾಜ್ಯದಲ್ಲಿ ಇದಕ್ಕೆ 1963ರ ಒಂದು ಕಾಯ್ದೆಯೇ ಉಂಟು: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಕಡ್ಡಾಯ, ಅವುಗಳ ಮೇಲೆ ಹಬ್ಬದ ರಜೆಗಳು ಐದು. ಈ ಐದರೊಳಗೆ ದೇಶದ ಸಮಸ್ತ ದೇವರುಗಳನ್ನು ಕೂರಿಸುವುದು ಸುಲಭವಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ದೀಪಾವಳಿಗೆ ಒಂದು ದಿನ ಸಿಗುತ್ತದೆ, ಅದೂ ಲಕ್ಷ್ಮೀಪೂಜೆಯ ಅಮಾವಾಸ್ಯೆಗೆ. ನಮ್ಮ ಕಡೆ ದೊಡ್ಡಹಬ್ಬವೆಂದು ಕರೆಯುವ ಆ ಹಬ್ಬದ ಜೀವವಿರುವುದು ಪಾಡ್ಯದಲ್ಲಿ. ಗಂಟಿ ದನಗಳನ್ನು ಮೀಯಿಸಿ, ಅಡಕೆಯ ಸರ, ಪಚ್ಚೆತೆನೆಯ ಮಾಲೆ ಕಟ್ಟಿ, ಗೋಪೂಜೆ ಮುಗಿಸಿ ಕೊಟ್ಟಿಗೆಯಿಂದ ಬಿಡುವ ಹೊತ್ತಿಗೆ ಸರಿಯಾಗಿ ನನಗೆ ಬೆಳಗಿನ ಮೀಟಿಂಗ್ ಇರುತ್ತದೆ. ಒಂದು ವರ್ಷ ಅಲಂಕಾರಗೊಂಡ ಹೋರಿಯೊಂದು ಜಗಲಿಯ ಕಂಬದ ಬಳಿ ನಿಂತು ನನ್ನ ಹಿಂದಿನಿಂದ ಕ್ಯಾಮೆರಾವನ್ನು ದೀರ್ಘವಾಗಿ ನೋಡಿತು. ಆ ಚಿತ್ರ ಆ ತಿಂಗಳ ಸಂಚಿಕೆಯ ಮುಖಪುಟಕ್ಕೆ ಹೋಯಿತು, ಅಡಿಯಲ್ಲಿ ‘ಹೊಸ ಸಹೋದ್ಯೋಗಿ’ ಎಂಬ ಬರಹದೊಡನೆ.

ಮಾರಿಕಾಂಬಾ ಜಾತ್ರೆಯ ರಜೆಯದು ಇನ್ನೊಂದು ಕಥೆ. ಶಿರಸಿಯ ಜಾತ್ರೆ ಎರಡು ವರ್ಷಕ್ಕೊಮ್ಮೆ ನಡೆಯುವುದು. ಮಂಗಳವಾರ ದೇವಿಯ ಕಲ್ಯಾಣವಾಗಿ, ಬುಧವಾರ ರಥವೇರಿ ಬಿಡಕಿಬೈಲಿನ ಗದ್ದುಗೆಗೆ ಬಂದರೆ ಊರಿಗೆ ಊರೇ ಆ ಕಡೆ ಹರಿಯುತ್ತದೆ. ನಡುವಿನ ವರ್ಷ ಹೋಳಿ ಹಬ್ಬಕ್ಕೆ ಬೇಡರ ವೇಷದ ಕುಣಿತ. ರಜೆಯ ಅರ್ಜಿಯಲ್ಲಿ ‘ವಾರ್ಷಿಕ ಹಬ್ಬವೇ?’ ಎಂಬ ಪ್ರಶ್ನೆಗೆ ನಾನು ‘ಅಲ್ಲ’ ಎಂದು ಬರೆದೆ. ಮಾನವ ಸಂಪನ್ಮೂಲದವರು ಬಹಳ ಮರ್ಯಾದೆಯಿಂದ, ಹಾಗಾದರೆ ಅದನ್ನು ಈ ಸಲ ಶನಿವಾರ, ಭಾನುವಾರಗಳಿಗೆ ಇಟ್ಟುಕೊಳ್ಳಲು ಸಾಧ್ಯವೇ ಎಂದು ಕೇಳಿದರು. ದೇವಿಯನ್ನು ವಿಚಾರಿಸಿ ಹೇಳುತ್ತೇನೆಂದೆ.

ಕ್ರಿಸ್‌ಮಸ್ಸಿಗೆ ಸೀಕ್ರೆಟ್ ಸ್ಯಾಂಟಾ ಆಡುತ್ತೇವೆ. ಚೀಟಿಯಲ್ಲಿ ಬಂದ ಹೆಸರಿನವರಿಗೆ ನಮ್ಮ ಹೆಸರು ಹೇಳದೆ ಐನೂರು ರೂಪಾಯಿಯೊಳಗೆ ಉಡುಗೊರೆ ಕಳುಹಿಸಬೇಕು. ಅಮ್ಮನಿಗೆ ಇದನ್ನು ವಿವರಿಸಿದಾಗ ಅವಳಿಗೆ ಗುಟ್ಟು ಎಂಬುದರಲ್ಲಿ ಆಸಕ್ತಿ ಹುಟ್ಟಲಿಲ್ಲ, ಕಳುಹಿಸಬೇಕು ಎಂಬುದರಲ್ಲಿ ಹುಟ್ಟಿತು. ಅಂಗಡಿಯ ಸಾಮಾನು ಕಳುಹಿಸುವುದು ಮನೆತನಕ್ಕೆ ಶೋಭೆಯಲ್ಲವೆಂದು ನಮ್ಮ ಕಡೆಯ ಸಿಹಿತಿಂಡಿ ತೊಡದೇವು ಎರೆಯಲು ಕೂತಳು. ಆಲೆಮನೆ ಇನ್ನೂ ಹೂಡಿರಲಿಲ್ಲವಾದ್ದರಿಂದ ಕಬ್ಬಿನ ಹಾಲಿನ ಬದಲು ಜೋನಿಬೆಲ್ಲ ಕದಡಿ, ಅಕ್ಕಿಹಿಟ್ಟು ಕಲಸಿ, ಒಲೆಯ ಮೇಲೆ ಬೋರಲು ಹಾಕಿದ ಗಡಿಗೆಯ ಬೆನ್ನಿಗೆ ಬಟ್ಟೆಯಿಂದ ಒಂದೇ ಬೀಸಿಗೆ ಹಿಟ್ಟನ್ನು ಎಳೆದು, ಕ್ಷಣದಲ್ಲಿ ಎಬ್ಬಿಸಿ ಮಡಿಚುವ ಆ ಕೆಲಸ ನೋಡುವಾಗ, ವಿನ್ಯಾಸಗಾರರಿಗೆ ನಾವು ಗಂಟೆಯ ಲೆಕ್ಕದಲ್ಲಿ ಕೊಡುವ ದರ ನೆನಪಾಗಿ ನನಗೆ ಸ್ವಲ್ಪ ನಾಚಿಕೆಯಾಯಿತು. ಕಾಗದಕ್ಕಿಂತ ತೆಳ್ಳಗಿನ ಆ ಹಾಳೆಗಳನ್ನು ಡಬ್ಬದಲ್ಲಿಟ್ಟು, ಸುತ್ತಲೂ ಹತ್ತಿ ತುಂಬಿ, ಶಿರಸಿ ಪೇಟೆಗೆ ಹೋಗಿ ಕೊರಿಯರಿಗೆ ಕೊಟ್ಟೆ. ಬೆಂಗಳೂರು ಮುಟ್ಟುವ ಹೊತ್ತಿಗೆ ಅದು ಪುಡಿಯಾಗಿತ್ತು. ಉಡುಗೊರೆ ಪಡೆದವಳು ಬಲು ಸಂತೋಷದಿಂದ ಅದನ್ನು ಹಾಲಿಗೆ ಹಾಕಿಕೊಂಡು ತಿಂದು, ‘ಮಲೆನಾಡಿನ ಕಾರ್ನ್‌ಫ್ಲೇಕ್ಸ್ ಕಳುಹಿಸಿದ ಅಜ್ಞಾತರಿಗೆ ಕೃತಜ್ಞತೆ’ ಎಂದು ಸುದ್ದಿಯ ಹಾಳೆಗೆ ಬರೆದು ಕಳುಹಿಸಿದಳು. ಗುಟ್ಟು ಬಿಡುವಂತಿಲ್ಲವಾದ್ದರಿಂದ ತಿದ್ದದೆ ಹಾಗೆಯೇ ಹಾಕಬೇಕಾಯಿತು. ಅಮ್ಮನಿಗೆ ಈವರೆಗೂ ಹೇಳಿಲ್ಲ. ನನಗೆ ಬಂದ ಉಡುಗೊರೆಯೋ, ಸುತ್ತ ನೋಡಿದಲ್ಲೆಲ್ಲ ಮರವೇ ಇರುವ ಈ ಘಟ್ಟದ ಸೀಮೆಗೆ, ಒಂದಡಿ ಎತ್ತರದ ಪ್ಲಾಸ್ಟಿಕ್ಕಿನ ಮರ.

ಹಬ್ಬದ ಫೋಟೊಗಳನ್ನು ಜೋಡಿಸುವಾಗ ಒಂದು ಸಂಗತಿ ತಡವಾಗಿಯೇ ನನ್ನ ಗಮನಕ್ಕೆ ಬಂತು. ಕೆಂಪು ಟೊಪ್ಪಿಗೆ ಹಾಕಿ ಕೇಕಿನ ಸುತ್ತ ನಿಂತವರು ಪ್ರತಿ ವರ್ಷವೂ ನಾವೇ ಒಂಬತ್ತು ಜನ: ಹುಡುಕುವವರು, ಕಳುಹಿಸುವವರು, ಲೆಕ್ಕ ಬರೆಯುವವರು. ಯಾರನ್ನು ಕಳುಹಿಸಿ ಸಂಸ್ಥೆ ಉಣ್ಣುತ್ತದೆಯೋ ಆ ಕಲಾವಿದರಲ್ಲಿ ಒಬ್ಬರೂ ಚಿತ್ರದಲ್ಲಿಲ್ಲ. ನಮ್ಮಲ್ಲಿ ಅವರಿಗೆ ಗಂಟೆಯ ಲೆಕ್ಕದಲ್ಲಿ ಹಣ. ಶುಕ್ರವಾರ ಟೈಮ್‌ಶೀಟ್ ತುಂಬಿದರೆ ಉಂಟು, ಇಲ್ಲವಾದರೆ ಇಲ್ಲ. ಅಮೆರಿಕದ ಗಿರಾಕಿಗಳು ನವೆಂಬರಿನ ನಾಲ್ಕನೆಯ ಗುರುವಾರ ಥ್ಯಾಂಕ್ಸ್‌ಗಿವಿಂಗ್‌ಗೆ ಬಾಗಿಲು ಹಾಕಿದರೆ ಇಲ್ಲಿಯ ಚಿತ್ರಕಾರನ ಆ ದಿನದ ಗಳಿಕೆ ಸೊನ್ನೆ, ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ವಾರವಿಡೀ ಸೊನ್ನೆ. ಆಟದವರ ಲೆಕ್ಕ ಇದಕ್ಕೆ ಉಲ್ಟಾ: ಊರಿಗೆ ಹಬ್ಬವಾದರೆ ಅವರಿಗೆ ಕೆಲಸ, ಮಳೆ ಹಿಡಿದ ಮೇಲೆ ಮೇಳ ಮುಗಿದು ಅವರಿಗೆ ಬಿಡುವು. ಊರ ಹಬ್ಬವೇ ಕೈ ಖಾಲಿಮಾಡುವ ಕಲಾವಿದರನ್ನು ನಾನು ನೋಡಿದ್ದು ನಮ್ಮ ಸಂಸ್ಥೆಯೆಂಬ ಈ ಮೇಳದಲ್ಲೇ.

ಕಳೆದ ಡಿಸೆಂಬರಿನಲ್ಲಿ, ಯಾರನ್ನೂ ಕೇಳದೆ, ಕರಾರಿನ ಮೇಲಿದ್ದ ನಲವತ್ತಮೂರು ಮಂದಿಗೂ ಒಂದು ಪತ್ರ ಬರೆದು, ತಮ್ಮ ಸುದ್ದಿಯನ್ನು ಒಂದೊಂದು ಸಾಲಿನಲ್ಲಿ ತಿಳಿಸಿರೆಂದು ಕೇಳಿದೆ. ನಾಲ್ಕೇ ದಿನದಲ್ಲಿ ಮೂವತ್ತೊಂಬತ್ತು ಉತ್ತರ ಬಂದವು. ಒಬ್ಬಳು ಹೊಸ ಕನ್ನಡಕ ಹಾಕಿದ್ದಳು, ಒಬ್ಬನ ತಂಗಿಗೆ ನಿಶ್ಚಿತಾರ್ಥವಾಗಿತ್ತು. ನಮ್ಮ ಕಾರವಾರದ ಕಡೆಯವನೊಬ್ಬ ಇದ್ದನೆಂಬುದೇ ನನಗೆ ಆಗ ತಿಳಿದದ್ದು. ಹಗಲೆಲ್ಲ ಯಾವುದೋ ಸೋಪಿನ ಪೊಟ್ಟಣದ ಮೇಲೆ ನೊರೆ ಬರೆದು, ರಾತ್ರಿ ತನ್ನೂರಿನ ಇಗರ್ಜಿಯ ಗೋದಲಿಗೆ ಬೆಟ್ಟ ಬರೆಯುತ್ತಿದ್ದೇನೆ, ಹಿಂದೆ ಸಮುದ್ರ ಇರಲೇಬೇಕೆಂದು ಮಕ್ಕಳು ಹಠ ಹಿಡಿದಿದ್ದರಿಂದ ಬೆತ್ಲೆಹೇಮಿಗೆ ಒಂದು ದೋಣಿಯನ್ನೂ ಸೇರಿಸಿದ್ದೇನೆ ಎಂದು ಅವನು ಬರೆದಿದ್ದ. ಎರಡು ಪುಟದ ಹಾಳೆ ಐದು ಪುಟವಾಯಿತು. ಹಂಚಿದ ಮರುದಿನ ಬೆಂಗಳೂರಿನಿಂದ ಫೋನು ಬಂತು. ಸುದ್ದಿ ಚೆನ್ನಾಗಿದೆ, ಆದರೆ ಇವರೆಲ್ಲ ಯಾರು ಎಂದು ಕೇಳಿದರು.

ಉತ್ತರ ಬಾರದೆ ಉಳಿದ ನಾಲ್ವರಲ್ಲಿ ಒಬ್ಬನದು ಜನವರಿ ಮೊದಲ ವಾರದಲ್ಲಿ ಬಂತು. ಹಬ್ಬಕ್ಕೆ ಮೊದಲೇ ತನ್ನ ಕರಾರು ಮುಗಿದಿತ್ತೆಂದೂ, ಸುದ್ದಿ ಕೊಡುವ ಹಕ್ಕು ಇನ್ನೂ ಇದೆಯೋ ಇಲ್ಲವೋ ತಿಳಿಯದೆ ಸುಮ್ಮನಿದ್ದೆನೆಂದೂ, ಈಗ ಬೇರೆ ಕಡೆ ಸೇರಿ ಮಕ್ಕಳ ಪುಸ್ತಕಕ್ಕೆ ಆನೆಗಳನ್ನು ಬರೆಯುತ್ತಿದ್ದೇನೆಂದೂ ತಿಳಿಸಿದ್ದ. ಅವನ ಆನೆಗಳನ್ನು ‘ಹೊಸ ಪಯಣ’ದ ಬಸ್ಸಿಗೆ ಹತ್ತಿಸಲು ನನಗೆ ಮನಸ್ಸಾಗಲಿಲ್ಲ. ಜನವರಿಯ ಸಂಚಿಕೆಯಲ್ಲಿ ‘ಮೇಳ ಬಿಟ್ಟವರು’ ಎಂದು ಒಂದು ಅಂಕಣ ತೆರೆದು, ಆ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಇಟ್ಟು ಒಪ್ಪಿಗೆಗೆ ಕಳುಹಿಸಿದೆ. ಕನ್ನಡ ಬಾರದ ನಮ್ಮ ಮ್ಯಾನೇಜರರು ಅದನ್ನು ನಮ್ಮ ಸೀಮೆಯ ಇನ್ನೊಂದು ಹಬ್ಬವೆಂದು ತಿಳಿದು ಸಂತೋಷದಿಂದ ಒಪ್ಪಿದರು. ಇದಕ್ಕೂ ರಜೆ ಬೇಕಾಗುತ್ತದೆಯೇ ಎಂದಷ್ಟೇ ಕೇಳಿದರು.